ಹೊಸಬರಿಗೆ ಯಾವ ಬಾಗಿಲು ತೆರೆಯಬೇಕು? ಓಪನ್ ಸೋರ್ಸ್ ಯೋಜನೆಗಳ ಮುಂದಿರುವ ನಾಲ್ಕು ದಾರಿಗಳ ಹೋಲಿಕೆ

ಕಳೆದ ಎರಡು ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂದಿದೆ. ಬೀದರಿನ ಇಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕಿಗೆ ಮೂರನೇ ವರ್ಷದ 40 ವಿದ್ಯಾರ್ಥಿಗಳನ್ನು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಕೆಲಸಕ್ಕೆ ಹಚ್ಚುವ ಆಸೆ. ಯಾದಗಿರಿಯ ಇಬ್ಬರು ಗೆಳೆಯರು ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕ ಇಡುವ ಸಣ್ಣ ಮೊಬೈಲ್ ಆ್ಯಪ್ ಬರೆದು, ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವರಿಗೆ ಕೈ ಜೋಡಿಸುವವರು ಬೇಕು. ಕಲಬುರಗಿಯ ವಿದ್ಯಾರ್ಥಿ ಸಂಘದ ಹುಡುಗನೊಬ್ಬನ ಹತ್ತಿರ ಒಂದು ಭಾನುವಾರ, ಒಂದು ಸಭಾಂಗಣ ಮತ್ತು ಚಂದಾ ಎತ್ತಿದ 10,000 ರೂಪಾಯಿ ಇದೆ. ಎಲ್ಲರೂ ಕೇಳಿದ್ದು ಇಷ್ಟೇ: ಹೊಸಬರನ್ನು ಕರೆತರಲು ಅನುವಾದದ ದಾರಿ ಒಳ್ಳೆಯದೋ, ಸಣ್ಣ ಬಗ್‌ಗಳನ್ನು (ತಂತ್ರಾಂಶದ ದೋಷಗಳನ್ನು) ತಿದ್ದಲು ಹಂಚುವುದೋ, ಒಂದು ದಿನದ ಶಿಬಿರವೋ, ತಿಂಗಳುಗಟ್ಟಲೆಯ ಮಾರ್ಗದರ್ಶನವೋ?

ನಾನು ಕಲಬುರಗಿಯಲ್ಲಿದ್ದುಕೊಂಡು, ಸಣ್ಣ ಗ್ರಂಥಾಲಯಗಳು ಪುಸ್ತಕ ಕೊಟ್ಟು ಪಡೆಯುವ ಲೆಕ್ಕಕ್ಕೆ ಬಳಸುವ ಒಂದು ತಂತ್ರಾಂಶವನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಮೊದಲ ಮೂರು ದಾರಿಗಳನ್ನು ನಾನೇ ತುಳಿದಿದ್ದೇನೆ. ನಾಲ್ಕನೆಯದಕ್ಕೆ ನಮ್ಮ ಭಾಗದ ಕೆಲವರಿಂದ ಅರ್ಜಿ ಹಾಕಿಸಿದ್ದೇನೆ. ಈ ಮೂವರಿಗೂ ನಾನು ಕೊಡುವ ಉತ್ತರ ಬೇರೆ ಬೇರೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಮೊದಲು ಅಳತೆಗೋಲುಗಳನ್ನು ನೋಡಬೇಕು.

ಯಾವುದನ್ನು ಅಳೆಯಬೇಕು

ಉಳಿದೆಲ್ಲಕ್ಕಿಂತ ತೂಕದ ಅಳತೆ ಒಂದಿದೆ. ಹೊಸಬರು ಕಳಿಸಿದ ಮೊದಲ ಬದಲಾವಣೆಯನ್ನು ಯಾರು ನೋಡುತ್ತಾರೆ, ಎಷ್ಟು ದಿನದೊಳಗೆ ನೋಡುತ್ತಾರೆ?

ಮೂರು ವರ್ಷದ ಹಿಂದೆ ಶಹಾಪುರದ ವಿದ್ಯಾರ್ಥಿನಿಯೊಬ್ಬಳು ನಮ್ಮ ತಂತ್ರಾಂಶದ ರಸೀದಿಯಲ್ಲಿ ದಿನಾಂಕ ತಪ್ಪಾಗಿ ಬೀಳುವುದನ್ನು ಕಂಡು, ನಾಲ್ಕು ಸಾಲು ತಿದ್ದಿ ಕಳಿಸಿದಳು. ತಿದ್ದುಪಡಿ ಸರಿಯಾಗಿತ್ತು. ಆಗ ನಾನು ಮನೆಯ ಮದುವೆಯ ಓಡಾಟದಲ್ಲಿದ್ದೆ. 24 ದಿನ ಅದನ್ನು ತೆರೆದೂ ನೋಡಲಿಲ್ಲ. ಕೊನೆಗೆ ಸೇರಿಸಿಕೊಂಡು, ಧನ್ಯವಾದ ಹೇಳಿ ಬರೆದಾಗ ಉತ್ತರ ಬರಲಿಲ್ಲ. ತನ್ನದೇ ಏನೋ ದೊಡ್ಡ ತಪ್ಪಾಗಿದೆ, ಅದಕ್ಕೇ ಯಾರೂ ಮಾತಾಡುತ್ತಿಲ್ಲ ಎಂದು ಅವಳು ತಿಳಿದಿದ್ದಳಂತೆ. ಇದನ್ನು ಅವಳ ಗೆಳತಿ ಆಮೇಲೆ ಹೇಳಿದಳು. ಆ ನಾಲ್ಕು ಸಾಲು ಇಂದಿಗೂ ನಮ್ಮ ತಂತ್ರಾಂಶದಲ್ಲಿವೆ. ಅವಳು ಇಲ್ಲ.

ಆದ್ದರಿಂದ ಯಾವ ದಾರಿಯನ್ನೇ ಆರಿಸಿ, ಮೊದಲು ಒಂದು ಲೆಕ್ಕ ಹಾಕಿ. 40 ವಿದ್ಯಾರ್ಥಿಗಳು ತಲಾ ಒಂದು ಬದಲಾವಣೆ ಕಳಿಸಿದರೆ, ಒಂದೊಂದನ್ನು ಓದಿ, ಓಡಿಸಿ ನೋಡಿ, ನಾಲ್ಕು ಮಾತು ಬರೆಯಲು ಅರ್ಧ ಗಂಟೆಯಾದರೂ ಬೇಕು. ಒಟ್ಟು 20 ಗಂಟೆ. ನೋಡುವವರು ಒಬ್ಬರೇ ಇದ್ದು, ಕಚೇರಿ ಮುಗಿಸಿ ಬಂದು ದಿನಕ್ಕೆ ಎರಡು ಗಂಟೆ ಕೊಟ್ಟರೂ ಕೊನೆಯ ವಿದ್ಯಾರ್ಥಿ ಹತ್ತು ದಿನ ಕಾಯುತ್ತಾನೆ. ಅಷ್ಟರಲ್ಲಿ ಅವನಿಗೆ ಇಂಟರ್ನಲ್ ಪರೀಕ್ಷೆ ಬಂದಿರುತ್ತದೆ.

ಎರಡನೆಯ ಅಳತೆ, ಹೊಸಬರ ಕೈಯಲ್ಲಿ ಏನಿದೆ ಎಂಬುದು. ನಮ್ಮ ಮೂರು ಜಿಲ್ಲೆಗಳಲ್ಲಿ ಕಾಲೇಜಿಗೆ ಬರುವ ಎಷ್ಟೋ ಮಕ್ಕಳಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಇದ್ದರೂ ಇಂಟರ್ನೆಟ್ ಬರುವುದು ಮೊಬೈಲ್ ಡೇಟಾದಿಂದ. ಫೈರ್‌ಫಾಕ್ಸ್ ಬ್ರೌಸರನ್ನು ಅದರ ಕೋಡಿನಿಂದ ಪೂರ್ತಿ ಕಟ್ಟಲು (ಬಿಲ್ಡ್ ಮಾಡಲು) ಹತ್ತಾರು ಗಿಗಾಬೈಟ್ ಜಾಗ ಬೇಕು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಅದರ ಇಡೀ ಇತಿಹಾಸದೊಂದಿಗೆ ಇಳಿಸಿಕೊಂಡರೆ ದಿನದ ಡೇಟಾ ಅಲ್ಲಿಗೇ ಮುಗಿಯುತ್ತದೆ. ಉಪಾಯಗಳಿವೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇತ್ತೀಚಿನ ಒಂದೇ ಪದರವನ್ನು ಇಳಿಸಿಕೊಳ್ಳಬಹುದು. ಫೈರ್‌ಫಾಕ್ಸ್‌ನಲ್ಲಿ ಮೊದಲೇ ಸಿದ್ಧವಾದ ಭಾಗಗಳನ್ನು ತಂದು, ಹೊರಗಿನ ಪರದೆಯ ಕೆಲಸವನ್ನಷ್ಟೇ ಮಾಡುವ ಅನುಕೂಲವಿದೆ. ಆದರೆ ಇಂಥ ಉಪಾಯವನ್ನು ಹೊಸಬರು ತಾವೇ ಹುಡುಕಿಕೊಳ್ಳುವುದಿಲ್ಲ, ಹೇಳಿಕೊಡಬೇಕು.

ಮೂರನೆಯದು ಎರಡನೇ ಕೊಡುಗೆ. ಮೊದಲ ಸಲ ಎಷ್ಟು ಜನ ಬಂದರು ಎಂದು ಎಣಿಸುವುದು ಸುಲಭ. ಅವರಲ್ಲಿ ಮರಳಿ ಬಂದವರು ಎಷ್ಟು ಎಂಬುದನ್ನು ಎಣಿಸಿ. ಹಣ ನಾಲ್ಕನೆಯ ಅಳತೆ. ಓಪನ್ ಸೋರ್ಸ್‌ನಲ್ಲಿ ಹಣಕ್ಕಿಂತ ಮೊದಲು ಸಮಯ ಖಾಲಿಯಾಗುತ್ತದೆ.

ಅನುವಾದದ ದಾರಿ

ಮೇಲುನೋಟಕ್ಕೆ ನಮ್ಮ ಭಾಗಕ್ಕೆ ಇದಕ್ಕಿಂತ ಒಪ್ಪುವ ದಾರಿ ಇನ್ನೊಂದಿಲ್ಲ. ಬ್ರೌಸರ್ ಒಂದಿದ್ದರೆ ಸಾಕು, ಮೊಬೈಲಿನಲ್ಲೂ ಕೆಲಸ ಸಾಗುತ್ತದೆ. ಫೈರ್‌ಫಾಕ್ಸ್‌ನ ಪರದೆಯ ಮೇಲೆ ಕಾಣುವ ಸಾಲುಗಳನ್ನು ಪಾಂಟೂನ್ ಎಂಬ ಜಾಲತಾಣದಲ್ಲಿ, ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್‌ನ ಸಾಲುಗಳನ್ನು ವೆಬ್ಲೇಟ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯ ಸಾಲುಗಳನ್ನು ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಅನುವಾದಿಸಬಹುದು. ಕೋಡ್ ಬಾರದವರಿಗೂ ಇಲ್ಲಿ ಪೂರ್ಣ ಕೆಲಸವಿದೆ. ಕನ್ನಡ ಎಂ.ಎ. ಓದುತ್ತಿರುವವರು ಕಂಪ್ಯೂಟರ್ ಸೈನ್ಸ್‌ನವರಿಗಿಂತ ಚೆನ್ನಾಗಿ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಮೊದಲ ಅಳತೆಗೋಲನ್ನು ಇಲ್ಲಿಗೂ ತನ್ನಿ. ಇಂಥ ಕಡೆಗಳಲ್ಲಿ ಹೊಸಬರು ಬರೆದದ್ದು ಸಾಮಾನ್ಯವಾಗಿ ಸಲಹೆಯಾಗಿ ನಿಲ್ಲುತ್ತದೆ. ಕನ್ನಡ ತಂಡದಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಇರುವವರು ಒಪ್ಪಿದ ಮೇಲೆಯೇ ತಂತ್ರಾಂಶಕ್ಕೆ ಸೇರುತ್ತದೆ. ಲಿನಕ್ಸ್ ಕಂಪ್ಯೂಟರುಗಳ ಪರದೆಯನ್ನು ರೂಪಿಸುವ ಗ್ನೋಮ್‌ನಲ್ಲೂ ಅನುವಾದಕರು, ಪರಿಶೀಲಕರು, ಸಂಯೋಜಕರು ಎಂದು ಮೆಟ್ಟಿಲುಗಳಿವೆ. ಆ ಮೇಲಿನ ಮೆಟ್ಟಿಲಿನಲ್ಲಿ ಈಗ ಯಾರಾದರೂ ಇದ್ದಾರೆಯೇ? ಕನ್ನಡ ತಂಡದ ಪುಟ ತೆರೆದು, ಕೊನೆಯ ಒಪ್ಪಿಗೆ ಬಿದ್ದ ದಿನಾಂಕ ನೋಡಿ. ಕಳೆದ ವಾರದ್ದಾಗಿದ್ದರೆ ಧೈರ್ಯವಾಗಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ. ವರ್ಷಗಳ ಹಿಂದಿನದಾಗಿದ್ದರೆ, ಮೊದಲು ನಿಮ್ಮಲ್ಲೇ ಇಬ್ಬರು ಕೆಲವು ತಿಂಗಳು ದುಡಿದು ಆ ಅಧಿಕಾರ ಪಡೆಯಿರಿ, ಆಮೇಲೆ ತರಗತಿಯನ್ನು ಕರೆಯಿರಿ. ಇದನ್ನು ಹಿಂದುಮುಂದು ಮಾಡಿದರೆ ಸಾವಿರ ಸಲಹೆಗಳು ರಾಶಿ ಬೀಳುತ್ತವೆ, ತಂತ್ರಾಂಶದಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ಇನ್ನು ಕನ್ನಡದ್ದೇ ಆದ ತೊಡಕುಗಳಿವೆ. ಇಂಗ್ಲಿಷ್ ವಾಕ್ಯದ ನಡುವೆ ಕಡತದ ಹೆಸರು ಬಂದು ಕೂರುವ ಒಂದು ಖಾಲಿ ಗುರುತು ಇರುತ್ತದೆ. ಇಂಗ್ಲಿಷಿಗೆ ಅದು ಸುಲಭ. ಹೆಸರು ಯಾವುದೇ ಇರಲಿ, ಪದದ ರೂಪ ಬದಲಾಗುವುದಿಲ್ಲ. ನಮ್ಮ ವಿಭಕ್ತಿ ಪ್ರತ್ಯಯವಾದರೋ ಹೆಸರಿಗೆ ಅಂಟಿಕೊಳ್ಳಬೇಕು. ‘ಪುಸ್ತಕವನ್ನು’, ‘ಪಟ್ಟಿಯನ್ನು’, ‘ಗುರುವನ್ನು’ ಎನ್ನುತ್ತೇವೆ, ಆದರೆ ಯಾವ ಹೆಸರು ಬರುತ್ತದೋ ಗೊತ್ತಿಲ್ಲದ ಕಡೆ ‘ಅನ್ನು’ ಎಂದು ಬಿಡಿಯಾಗಿ ಬರೆಯಬೇಕಾಗುತ್ತದೆ, ಓದಲು ಕಲ್ಲು ಕಡಿದಂತಾಗುತ್ತದೆ. ‘ಈ ಕಡತವನ್ನು ಅಳಿಸಬೇಕೆ:’ ಎಂದು ಬರೆದು ಹೆಸರನ್ನು ಕೊನೆಗೆ ತಳ್ಳಿದರೆ ಸರಿಹೋಗುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಟ್ಟರೆ ಹೊಸಬರ ಅರ್ಧ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಗುಂಡಿಗಳ ಮೇಲೆ ‘ಉಳಿಸು’ ಎನ್ನಬೇಕೋ ‘ಉಳಿಸಿ’ ಎನ್ನಬೇಕೋ, ‘ಕಡತ’ವೋ ‘ಫೈಲ್’ ಇರಲೋ ಎಂಬ ಚರ್ಚೆಗೆ ಒಂದು ಇಡೀ ಮಧ್ಯಾಹ್ನ ಹೋಗುತ್ತದೆ. ಹೋಗಲಿ ಬಿಡಿ. ಆ ಚರ್ಚೆಯಲ್ಲಿ ಬಾಯಿಬಿಟ್ಟವರೇ ಮುಂದಿನ ವಾರ ಮರಳಿ ಬರುವವರು. ತೀರ್ಮಾನವಾದದ್ದನ್ನು ಒಂದು ಪದಪಟ್ಟಿಯಲ್ಲಿ ಬರೆದಿಡಿ, ಅಷ್ಟೇ.

ಇಲ್ಲಿ ನಮ್ಮ ಜಿಲ್ಲೆಗಳಿಗೆ ಬೇರೆಯವರಿಗಿಲ್ಲದ ಒಂದು ಬಲವಿದೆ. ಬೀದರಿನ ಒಂದೇ ಬೆಂಚಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಬಲ್ಲವರು ಕೂತಿರುತ್ತಾರೆ. ಉರ್ದು ಬಲದಿಂದ ಎಡಕ್ಕೆ ಓಡುವ ಬರಹ. ಪರದೆಯ ಬಾಣಗಳು, ಪಟ್ಟಿಗಳು, ಗುಂಡಿಗಳು ಅದಕ್ಕೆ ತಕ್ಕಂತೆ ತಿರುಗಿವೆಯೇ ಎಂಬುದು ಉರ್ದು ಓದುವವರ ಕಣ್ಣಿಗೆ ತಟ್ಟನೆ ಬೀಳುತ್ತದೆ, ಬೇರೆಯವರಿಗೆ ತಿಂಗಳಾದರೂ ಕಾಣುವುದಿಲ್ಲ. ಅಂಥ ದೋಷಗಳನ್ನು ಪತ್ತೆಹಚ್ಚಿ ಪರದೆಯ ಚಿತ್ರದೊಂದಿಗೆ ವರದಿ ಮಾಡುವುದು ಅನುವಾದದಷ್ಟೇ ಬೆಲೆಯುಳ್ಳ ಮೊದಲ ಕೊಡುಗೆ.

ಈ ದಾರಿಯ ಮಿತಿಯನ್ನೂ ಹೇಳಬೇಕು. ಅನುವಾದದಿಂದ ಕೋಡಿಗೆ ತಾನಾಗಿಯೇ ದಾಟುವವರು ಕಡಿಮೆ. ಅಂಕಕ್ಕಾಗಿ ಬಂದವರು ಯಂತ್ರಾನುವಾದವನ್ನು ತಂದು ಅಂಟಿಸುವ ಅಪಾಯ ಇಲ್ಲಿಯೇ ಹೆಚ್ಚು, ಅದನ್ನು ತಿದ್ದುವ ಹೊರೆ ಹೊಸದಾಗಿ ಬರೆಯುವುದಕ್ಕಿಂತ ದೊಡ್ಡದು.

ಸಣ್ಣ ಬಗ್‌ಗಳ ದಾರಿ

ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’, ಲಿಬ್ರೆಆಫೀಸ್‌ನಲ್ಲಿ ‘ಈಸಿ ಹ್ಯಾಕ್’, ವೆಬ್ ತಾಣ ಕಟ್ಟುವ ಸಲಕರಣೆ ಜಾಂಗೊದಲ್ಲಿ ‘ಈಸಿ ಪಿಕಿಂಗ್ಸ್’: ಲೇಬಲ್ಲಿನ ಹೆಸರು ಬೇರೆ, ಉದ್ದೇಶ ಒಂದೇ. ಹಳಬರು ತಾವೇ ತಿದ್ದಬಹುದಾದ ಸಣ್ಣ ಕೆಲಸವನ್ನು ಹೊಸಬರಿಗಾಗಿ ಎತ್ತಿಡುವುದು.

ಒಳ್ಳೆಯ ಸಣ್ಣ ಕೆಲಸ ಹೇಗಿರಬೇಕು ಎಂಬುದಕ್ಕೆ ನಮ್ಮ ಗ್ರಂಥಾಲಯದ ಒಂದು ಉದಾಹರಣೆ ಕೊಡುತ್ತೇನೆ. ‘ಸೂರ್ಯ’ ಎಂದು ಹುಡುಕಿದರೆ ಕೆಲವು ಪುಸ್ತಕಗಳು ಸಿಗುತ್ತಿರಲಿಲ್ಲ. ಅವುಗಳ ಹೆಸರನ್ನು ಯಾರೋ ‘ಸೂರ‍್ಯ’ ಎಂದು ಟೈಪ್ ಮಾಡಿದ್ದರು. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ, ಏಕೆಂದರೆ ಎರಡನೆಯದರೊಳಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಅಡಗಿದೆ. ಹುಡುಕುವಾಗ ಆ ಸಂಕೇತವನ್ನು ಬಿಟ್ಟು ಹೋಲಿಸಿದರೆ ಆಯಿತು. ಕೋಡು ಆರೇಳು ಸಾಲು. ಆದರೆ ಸಮಸ್ಯೆ ಅರ್ಥವಾಗಲು ಕನ್ನಡ ಗೊತ್ತಿರಬೇಕು, ಕೋಡಿನ ಒಂದೇ ಕಡೆ ಕೈ ಹಾಕಿದರೆ ಸಾಕು, ಸರಿಯಾಯಿತೋ ಇಲ್ಲವೋ ಎಂದು ತಿದ್ದಿದವರೇ ನೋಡಿಕೊಳ್ಳಬಹುದು. ಇನ್ನೊಂದು ಇದೇ ಬಗೆಯದು: ಗ್ರಂಥಪಾಲಕರು ಸದಸ್ಯತ್ವದ ಸಂಖ್ಯೆಯನ್ನು ‘೧೨’ ಎಂದು ಬರೆದಾಗ ನಮ್ಮ ಪೈಥಾನ್ ಭಾಗ ಅದನ್ನು ಸಂಖ್ಯೆಯಾಗಿಯೇ ಓದುತ್ತಿತ್ತು, ಬ್ರೌಸರಿನ ಜಾವಾಸ್ಕ್ರಿಪ್ಟ್ ಓದುತ್ತಿರಲಿಲ್ಲ. ಆಳಂದದ ಹುಡುಗನೊಬ್ಬ ಇದನ್ನು ತಿದ್ದಿದ. ಇಂದು ನಮ್ಮಲ್ಲಿ ಹೊಸಬರ ಬದಲಾವಣೆಗಳನ್ನು ನೋಡುವ ಮೂವರಲ್ಲಿ ಅವನೂ ಒಬ್ಬ.

ಇದರ ಬೆಲೆ, ಯೋಜನೆಯನ್ನು ನೋಡಿಕೊಳ್ಳುವ ನಿರ್ವಾಹಕರ ಸಮಯ. ನಾನು 20 ನಿಮಿಷದಲ್ಲಿ ತಿದ್ದಬಹುದಾದ ಬಗ್ಗನ್ನು ಹೊಸಬರಿಗೆ ಅರ್ಥವಾಗುವಂತೆ ಬರೆದಿಡಲು ಒಂದು ಗಂಟೆ ಬೇಕು: ಯಾವ ಕಡತ, ಯಾವ ಸಾಲಿನ ಸುತ್ತಮುತ್ತ, ದೋಷವನ್ನು ಮತ್ತೆ ಕಾಣುವುದು ಹೇಗೆ, ಮುಗಿದದ್ದನ್ನು ತಿಳಿಯುವುದು ಹೇಗೆ. ಅಷ್ಟು ಬರೆಯದೆ ಬರೀ ಲೇಬಲ್ ಹಚ್ಚಿದರೆ ಅದು ಹೊಸಬರಿಗೆ ತೋಡಿದ ಹಳ್ಳವಾಗುತ್ತದೆ. ಹೆಸರುವಾಸಿಯಾದ ದೊಡ್ಡ ಯೋಜನೆಗಳಲ್ಲಿ ಬೇರೊಂದು ಕಷ್ಟ. ಲೇಬಲ್ ಬಿದ್ದ ಕೆಲವೇ ಗಂಟೆಗಳಲ್ಲಿ ‘ನನಗೆ ಕೊಡಿ’ ಎಂದು ಹತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮ ಮಕ್ಕಳು ಸಂಜೆ ಬಸ್ಸಿನಲ್ಲಿ ಊರು ಮುಟ್ಟಿ ನೋಡುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತದೆ. ಲಿನಕ್ಸ್ ಕರ್ನಲ್‌ನಲ್ಲಂತೂ ಹೊಸಬರಿಗೆ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ನಡೆಯುವುದೇ ಇಲ್ಲ, ಬದಲಾವಣೆಗಳನ್ನು ಸರಳ ಪಠ್ಯದ ಇಮೇಲ್ ಆಗಿ ಕಳಿಸಬೇಕು. ಮೊದಲ ಹೆಜ್ಜೆಗೆ ನಾನು ಅದನ್ನು ಸೂಚಿಸುವುದಿಲ್ಲ.

ನಿರ್ವಾಹಕರಿಗೆ ಇಲ್ಲೊಂದು ಎಚ್ಚರಿಕೆ. 2021ರಿಂದ ಗಿಟ್‌ಹಬ್‌ನಲ್ಲಿ ಮೊದಲ ಸಲ ಕೊಡುಗೆ ಕೊಡುವವರ ಬದಲಾವಣೆಯ ಮೇಲೆ ಸ್ವಯಂಚಾಲಿತ ಪರೀಕ್ಷೆಗಳು ತಾವಾಗಿ ಓಡುವುದಿಲ್ಲ, ನಿರ್ವಾಹಕರು ಅನುಮತಿ ಕೊಡಬೇಕು. ದುರುಪಯೋಗ ತಡೆಯಲು ಮಾಡಿದ ಒಳ್ಳೆಯ ವ್ಯವಸ್ಥೆಯೇ. ಆದರೆ ನೀವು ಆ ಒಂದು ಗುಂಡಿ ಒತ್ತದಿದ್ದರೆ ಹೊಸಬರಿಗೆ ಕಾಣುವುದು ಹಳದಿ ಚುಕ್ಕೆ ಮತ್ತು ಮೌನ.

ಒಂದು ದಿನದ ಶಿಬಿರ

ಇದರ ಮೇಲೆ ಎಲ್ಲರಿಗೂ ಕಣ್ಣು, ಏಕೆಂದರೆ ಫೋಟೊ ಚೆನ್ನಾಗಿ ಬರುತ್ತದೆ, ವರದಿಗೆ ಸಂಖ್ಯೆ ಸಿಗುತ್ತದೆ. ಸಂಖ್ಯೆಯ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹ್ಯಾಕ್ಟೋಬರ್‌ಫೆಸ್ಟ್ ಸಾಕ್ಷಿ. ಕ್ಲೌಡ್ ಸೇವೆಯ ಕಂಪನಿ ಡಿಜಿಟಲ್‌ಓಷನ್ 2014ರಲ್ಲಿ ಆರಂಭಿಸಿದ ಈ ಅಭಿಯಾನದಲ್ಲಿ ಅಕ್ಟೋಬರ್ ತಿಂಗಳಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಹುರುಳಿಲ್ಲದ ಬದಲಾವಣೆಗಳು ಹೇಗೆ ನುಗ್ಗಿದವೆಂದರೆ, ತಿಂಗಳು ಮುಗಿಯುವ ಮೊದಲೇ ನಿಯಮ ಬದಲಿಸಿ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಕಲಿಯಬೇಕೆಂದು ಬಂದ ಮಕ್ಕಳ ತಪ್ಪು ಅದರಲ್ಲಿ ಕಡಿಮೆ. ‘ಯೋಜನೆಯ ಪರಿಚಯವಿರುವ ರೀಡ್‌ಮಿ ಕಡತದಲ್ಲಿ ಒಂದು ಪದ ಸೇರಿಸಿದರೂ ಸಾಕು’ ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು.

ಶಿಬಿರ ನಿಜಕ್ಕೂ ಚೆನ್ನಾಗಿ ಮಾಡುವ ಕೆಲಸ ಒಂದಿದೆ: ಅಂಜಿಕೆ ಬಿಡಿಸುವುದು. ಗಿಟ್ ಅಳವಡಿಸುವಾಗ ಬರುವ ಕೆಂಪು ಅಕ್ಷರಗಳ ಮುಂದೆ ಒಬ್ಬರೇ ಕೂತವರು ಅಲ್ಲಿಗೇ ಕೈಬಿಡುತ್ತಾರೆ. ಪಕ್ಕದಲ್ಲಿ ಅದೇ ತೊಂದರೆಯನ್ನು ಕಳೆದ ವರ್ಷ ದಾಟಿದವರಿದ್ದರೆ ಐದು ನಿಮಿಷದ ಮಾತು. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದಿದೆ, ಯಾದಗಿರಿಗೂ ರೈಲಿದೆ. ಮೂರೂ ಜಿಲ್ಲೆಯವರು ಬೆಳಿಗ್ಗೆ ಬಂದು ಸಂಜೆ ಮರಳುವುದು ಕಷ್ಟವಲ್ಲ. ಏಪ್ರಿಲ್, ಮೇ ತಿಂಗಳು ಮಾತ್ರ ಬೇಡ. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ಮೇಲೆ ಯಾರ ತಲೆಗೂ ಏನೂ ಹತ್ತುವುದಿಲ್ಲ.

ಹಣವನ್ನು ಎಲ್ಲಿ ಹಾಕಬೇಕು? ಬ್ಯಾನರ್, ಶಾಲು, ನೆನಪಿನ ಕಾಣಿಕೆಗಳನ್ನು ಬಿಡಿ. ಎಕ್ಸ್‌ಟೆನ್ಶನ್ ಬೋರ್ಡ್‌ಗಳು, ಊಟ, ಹೊರ ಊರಿನಿಂದ ಬರುವ ಹೆಣ್ಣುಮಕ್ಕಳ ಪ್ರಯಾಣದ ಖರ್ಚು, ಇವಿಷ್ಟಕ್ಕೆ ಮೀಸಲಿಡಿ. ಬೇಕಾದ ತಂತ್ರಾಂಶಗಳನ್ನು ಹಿಂದಿನ ದಿನವೇ ನಾಲ್ಕು ಪೆನ್ ಡ್ರೈವ್‌ಗಳಿಗೆ ಇಳಿಸಿಕೊಂಡರೆ ಡೇಟಾ ಉಳಿಯುತ್ತದೆ. ಆರು ಜನರಿಗೆ ಒಬ್ಬರಾದರೂ ಬಲ್ಲವರು ಇರಲಿ. ಇಡೀ ಒಂದು ದಿನಕ್ಕಿಂತ ವಾರದ ಅಂತರದಲ್ಲಿ ಎರಡು ಅರ್ಧ ದಿನಗಳು ಮೇಲು. ಮೊದಲ ದಿನ ಕಳಿಸಿದ ಬದಲಾವಣೆಗೆ ಅಷ್ಟರಲ್ಲಿ ಉತ್ತರ ಬಂದಿರುತ್ತದೆ, ಎರಡನೇ ದಿನ ಅದನ್ನು ತಿದ್ದಿ ಮತ್ತೆ ಕಳಿಸಬಹುದು. ಈ ಕೆಲಸದ ಜೀವ ಇರುವುದೇ ಹಾಗೆ ತಿದ್ದಿ ಕಳಿಸುವುದರಲ್ಲಿ.

ತಿಂಗಳುಗಳ ಮಾರ್ಗದರ್ಶನ

ಗೌರವಧನ ಕೊಟ್ಟು, ಮಾರ್ಗದರ್ಶಕರ ಜೊತೆ ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಆರಂಭವಾಯಿತು. 2022ರಿಂದ 18 ವರ್ಷ ದಾಟಿದ, ಓಪನ್ ಸೋರ್ಸ್‌ಗೆ ಹೊಸಬರಾದ ಇತರರಿಗೂ ತೆರೆದಿದೆ. ಗೌರವಧನ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಔಟ್‌ರೀಚಿ ಬೇರೆ ಬಗೆಯದು. ತಂತ್ರಜ್ಞಾನದಲ್ಲಿ ತಾರತಮ್ಯ ಎದುರಿಸಿದವರಿಗೆ, ಅವಕಾಶ ಸಿಗದೆ ಹೊರಗುಳಿದವರಿಗೆ ಮೀಸಲಾದ ಮೂರು ತಿಂಗಳ ಇಂಟರ್ನ್‌ಶಿಪ್, ಮನೆಯಿಂದಲೇ ಮಾಡುವ ಕೆಲಸ, 7,000 ಡಾಲರ್ ಗೌರವಧನ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಆಯ್ಕೆಗೆ ಮುನ್ನ ಯೋಜನೆಗೆ ನಿಜವಾದ ಕೊಡುಗೆ ಕೊಟ್ಟಿರಬೇಕು ಎಂಬ ಅದರ ನಿಯಮ ನನಗೆ ಇಷ್ಟ, ಏಕೆಂದರೆ ಆಯ್ಕೆಯಾಗದಿದ್ದರೂ ಆ ಕೊಡುಗೆ ಅವರ ಹೆಸರಿನಲ್ಲಿ ಉಳಿಯುತ್ತದೆ. ಇಂಟರ್ನ್‌ಶಿಪ್ ಅವಧಿಯಲ್ಲಿ ಸಾಕಷ್ಟು ಬಿಡುವು ಇದೆಯೇ ಎಂದೂ ಅವರು ಕೇಳುತ್ತಾರೆ. ಅರ್ಜಿ ಹಾಕುವ ಮೊದಲು ಸೆಮಿಸ್ಟರ್ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ.

ಇವು ಕೆಲವರಿಗಷ್ಟೇ ಸಿಗುವ ಅವಕಾಶಗಳು. ತರಗತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇದೇ ಪದ್ಧತಿಯನ್ನು ಊರಿನಲ್ಲಿ ಚಿಕ್ಕದಾಗಿ ನಡೆಸಲು ಯಾರ ಅಪ್ಪಣೆಯೂ ಬೇಡ. ಒಬ್ಬ ಹಳಬ, ಒಬ್ಬ ಹೊಸಬ, ವಾರಕ್ಕೆ ಒಂದು ಗಂಟೆ, ಮೂರು ತಿಂಗಳು. ಹಣ ಬೇಡ. ಮರಳಿ ಬರುವವರ ಅಳತೆಯಲ್ಲಿ ನನ್ನ ಅನುಭವದಲ್ಲಿ ಇದನ್ನು ಯಾವುದೂ ಮೀರಿಸಿಲ್ಲ.

ಬಾಗಿಲು ಯಾವುದೇ ಇರಲಿ, ಬಳಸಲು, ತಿದ್ದಲು, ಹಂಚಲು ಅನುಮತಿ ಕೊಡುವ ಪರವಾನಗಿಯ ಕಡತ ಇಲ್ಲದ ಕೋಡಿಗೆ ಹೊಸಬರನ್ನು ಕರೆಯಬೇಡಿ, ಅದು ಓಪನ್ ಸೋರ್ಸ್ ಅಲ್ಲವೇ ಅಲ್ಲ. ಕೊಡುಗೆ ನೀಡುವ ಕ್ರಮವನ್ನು ಕನ್ನಡದಲ್ಲೂ ಒಂದು ಪುಟ ಬರೆದಿಡಿ. ಕೃತಕ ಬುದ್ಧಿಮತ್ತೆಯ ಸಹಾಯ ಪಡೆದವರು ಪ್ರತಿಯೊಂದು ಸಾಲನ್ನೂ ತಾವೇ ವಿವರಿಸಬಲ್ಲವರಾಗಿರಬೇಕು ಎಂದು ಅದರಲ್ಲೇ ಸ್ಪಷ್ಟವಾಗಿ ಹೇಳಿ. ಬೀದರಿನ ಬಿದರಿ ಕಲೆಯಲ್ಲಿ ಎರಕ, ಕೆತ್ತನೆ, ಬೆಳ್ಳಿಯ ಕೂರಿಸುವಿಕೆ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವುದು ಎಲ್ಲವೂ ಬೇರೆ ಬೇರೆ ಕುಶಲತೆಗಳು. ತಂತ್ರಾಂಶದಲ್ಲೂ ಪರೀಕ್ಷಿಸುವವರು, ಕೈಪಿಡಿ ಬರೆಯುವವರು, ಅನುವಾದಿಸುವವರು ಇರುತ್ತಾರೆ. ಅವರ ಹೆಸರುಗಳೂ ಕೊಡುಗೆದಾರರ ಪಟ್ಟಿಯಲ್ಲಿ ಬರಲಿ.

ಆ ಮೂವರಿಗೆ

ಬೀದರಿನ ಉಪನ್ಯಾಸಕಿಗೆ: 40 ಜನರನ್ನು ಒಂದೇ ಸಲ ಯಾವ ಯೋಜನೆಯ ಮೇಲೂ ಕಳಿಸಬೇಡಿ ಮೇಡಂ. ಮೊದಲ ತಿಂಗಳು ಎಂಟು ಜನ, ಅನುವಾದ ಮತ್ತು ಉರ್ದು ಪರದೆಯ ಪರೀಕ್ಷೆಯಿಂದ ಆರಂಭಿಸಲಿ. ಮುಂದಿನ ತಂಡದ ಬದಲಾವಣೆಗಳನ್ನು ಹೊರಗೆ ಕಳಿಸುವ ಮುನ್ನ ಆ ಎಂಟು ಜನರೇ ಓದಿ ನೋಡಲಿ. ಅಂಕ ಕೊಡಲೇಬೇಕಿದ್ದರೆ ಸೇರ್ಪಡೆಯಾದ ಬದಲಾವಣೆಗಳ ಸಂಖ್ಯೆಗೆ ಕೊಡಬೇಡಿ, ಪರಿಶೀಲಕರ ಮಾತಿಗೆ ಅವರು ಹೇಗೆ ಉತ್ತರಿಸಿದರು ಎಂಬುದಕ್ಕೆ ಕೊಡಿ.

ಕಲಬುರಗಿಯ ಹುಡುಗನಿಗೆ: ಎರಡು ಅರ್ಧ ದಿನ, 24 ಜನ, ನಾಲ್ವರು ಬಲ್ಲವರು, ಮೊದಲೇ ಒಪ್ಪಿಕೊಂಡ ಒಂದೋ ಎರಡೋ ಯೋಜನೆ. ಆ ಯೋಜನೆಗಳ ನಿರ್ವಾಹಕರಿಗೆ ದಿನಾಂಕವನ್ನು ಮುಂಚಿತವಾಗಿ ತಿಳಿಸಪ್ಪ. ಅವರು ‘ಆ ವಾರ ನನಗೆ ಬಿಡುವಿಲ್ಲ’ ಎಂದರೆ ದಿನಾಂಕ ಬದಲಿಸು.

ಯಾದಗಿರಿಯ ಗೆಳೆಯರಿಗೆ ಸಣ್ಣ ಬಗ್‌ಗಳ ದಾರಿಯೇ ಸರಿ. ಇಬ್ಬರೇ ನೋಡುವವರು ಇರುವುದರಿಂದ ಮೂರೇ ಕೆಲಸಗಳನ್ನು ಚೆನ್ನಾಗಿ ವಿವರಿಸಿ ಇಡಿ, ಪ್ರತಿ ಶನಿವಾರ ಸಂಜೆ ಉತ್ತರಿಸುತ್ತೇವೆ ಎಂದು ಮೊದಲ ಪುಟದಲ್ಲೇ ಬರೆಯಿರಿ ಎಂದು ಹೇಳಿದ್ದೆ. ಬರೆದರು. ಮೊನ್ನೆ ಮಂಗಳವಾರ ಫೋನ್ ಬಂತು. ಸುರಪುರದಿಂದ ಯಾರೋ ಡೀಸೆಲ್ ಲೆಕ್ಕದಲ್ಲಿ ಬರುತ್ತಿದ್ದ ದಶಾಂಶದ ತಪ್ಪನ್ನು ತಿದ್ದಿ ಕಳಿಸಿದ್ದಾರೆ, ಅವರ ಮೊಟ್ಟಮೊದಲ ಪುಲ್ ರಿಕ್ವೆಸ್ಟ್ ಅಂತೆ, ಶನಿವಾರ ನೋಡೋಣವೇ ಎಂದು ಕೇಳಿದರು. ಬೇಡ, ಇವತ್ತೇ ನೋಡಿ ಎಂದೆ.